ಬಡ ಅದಿರಿನ ಮೇಲೆ ಎದ್ದ ನಗರ: ಜೋಹಾನ್ಸ್‌ಬರ್ಗ್ ಬೆಳೆದ ಬಗೆ

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಇಂದು ನಿಂತಿರುವ ಜಾಗದಲ್ಲಿ 1886ಕ್ಕೆ ಮುಂಚೆ ದೊಡ್ಡ ಊರೊಂದು ಹುಟ್ಟುವುದಕ್ಕೆ ಮೇಲುನೋಟಕ್ಕೆ ಯಾವ ಕಾರಣವೂ ಇರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದ ಆ ಹುಲ್ಲುಗಾವಲಿನಲ್ಲಿ ದೋಣಿ ಸಾಗುವಂಥ ನದಿಯಿಲ್ಲ, ಹತ್ತಿರದಲ್ಲಿ ಬಂದರಿಲ್ಲ, ಸೌದೆಗೂ ಸಾಲುವಷ್ಟು ಮರಗಳಿಲ್ಲ. ಅಲ್ಲಿನ ದಿಣ್ಣೆಯ ಮೇಲೆ ಬಿದ್ದ ಮಳೆಯಲ್ಲಿ ಉತ್ತರಕ್ಕೆ ಇಳಿದದ್ದು ಲಿಂಪೋಪೊ ನದಿಯ ಮೂಲಕ ಹಿಂದೂ ಮಹಾಸಾಗರವನ್ನೂ, ದಕ್ಷಿಣಕ್ಕೆ ಇಳಿದದ್ದು ವಾಲ್ ಮತ್ತು ಆರೆಂಜ್ ನದಿಗಳ ಮೂಲಕ ಅಟ್ಲಾಂಟಿಕ್ ಸಾಗರವನ್ನೂ ಸೇರಿಬಿಡುತ್ತದೆ. ನೀರೇ ನಿಲ್ಲದ ಈ ನೆತ್ತಿಯ ಮೇಲೆ ಹತ್ತು ವರ್ಷಗಳಲ್ಲಿ ಒಂದು ಲಕ್ಷ ಜನ ನೆಲೆಸಿದರು. 2022ರ ಜನಗಣತಿಯ ಹೊತ್ತಿಗೆ ನಗರಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 48 ಲಕ್ಷ ಜನರಿದ್ದರು.

ಚಿನ್ನ ಸಿಕ್ಕಿದ್ದರಿಂದ ನಗರ ಬೆಳೆಯಿತು ಎಂದು ಹೇಳಿ ಮುಗಿಸಿದರೆ ಏನನ್ನೂ ವಿವರಿಸಿದಂತಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯ, ಆಸ್ಟ್ರೇಲಿಯ, ಕೆನಡಾಗಳಲ್ಲಿ ಚಿನ್ನದ ಆಸೆಗೆ ಎದ್ದ ಎಷ್ಟೋ ಶಿಬಿರಗಳು ಚಿನ್ನ ತೀರಿದ ಕೂಡಲೇ ಬರಿದಾದವು. ಜೋಹಾನ್ಸ್‌ಬರ್ಗಿಗಿಂತ ಒಂದೆರಡು ವರ್ಷ ಮೊದಲು ಅದೇ ಟ್ರಾನ್ಸ್‌ವಾಲ್ ಸೀಮೆಯ ಬಾರ್ಬರ್ಟನ್‌ನಲ್ಲಿಯೂ ಚಿನ್ನ ಸಿಕ್ಕಿ, ಜನ ಮುಗಿಬಿದ್ದು, ಸ್ವಲ್ಪ ಕಾಲದಲ್ಲೇ ಆ ಊರು ಸಣ್ಣ ಪಟ್ಟಣವಾಗಿ ಉಳಿಯಿತು. ಜೋಹಾನ್ಸ್‌ಬರ್ಗಿನ ಕಥೆ ಬೇರೆಯಾದದ್ದು ಅದರ ಅದಿರಿನ ಗುಣದಿಂದ. ಆ ಅದಿರಿನಲ್ಲಿ ಚಿನ್ನದ ಅಂಶ ಕಡಿಮೆಯಿತ್ತು, ಅದು ಬಹಳ ಆಳಕ್ಕೆ ಇಳಿದಿತ್ತು, ಆದರೆ ಲೆಕ್ಕ ಹಾಕಿದಷ್ಟೂ ಮುಗಿಯದಂತಿತ್ತು. ನಗರದ ಗಗನಚುಂಬಿ ಕಟ್ಟಡಗಳು, ಅದರ ವಿಶ್ವವಿದ್ಯಾಲಯ, ಷೇರುಪೇಟೆ, ಕಪ್ಪು ಜನರ ವಸತಿಪ್ರದೇಶವಾದ ಸೊವೆಟೊದ ಸಾಲುಮನೆಗಳು, ಬಡವರನ್ನೂ ಉಳ್ಳವರನ್ನೂ ಬೇರೆ ಮಾಡಿದ ಗಣಿಕಸದ ದಿಬ್ಬಗಳು ಎಲ್ಲವೂ ಈ ಮೂರು ಗುಣಗಳಿಂದ ಹುಟ್ಟಿದ ಲೆಕ್ಕಾಚಾರದ ಫಲ ಎಂಬುದು ನನ್ನ ತಿಳಿವಳಿಕೆ.

ಅದಿರಿನಿಂದಲೇ ಶುರುಮಾಡೋಣ. ವಿಟ್‌ವಾಟರ್ಸ್‌ರಾಂಡ್ (ಚಿಕ್ಕದಾಗಿ ರಾಂಡ್) ಎಂಬ ಬಂಡೆಯ ದಿಣ್ಣೆಯುದ್ದಕ್ಕೂ ಹರಡಿರುವ ಚಿನ್ನದ ಪದರ ನಮ್ಮ ಕೋಲಾರದಲ್ಲಿರುವಂಥ ಬೆಣಚುಕಲ್ಲಿನ ಎಳೆಯಲ್ಲ. ಮುನ್ನೂರು ಕೋಟಿ ವರ್ಷಗಳಿಗೆ ಸಮೀಪದಷ್ಟು ಹಿಂದೆ ನದಿಗಳು ತಂದು ಹಾಸಿದ ಬೆಣಚಿನ ಉರುಟುಕಲ್ಲುಗಳು ಗಟ್ಟಿಗೊಂಡು, ಕಾಂಕ್ರೀಟಿನಲ್ಲಿ ಜಲ್ಲಿ ಕೂತಂತೆ ಕೂತಿರುವ ಬಂಡೆಹಾಸು ಅದು. ಚಿನ್ನವಿರುವುದು ಆ ಉರುಟುಕಲ್ಲುಗಳ ನಡುವಿನ ಸಂದುಗಳಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ. ಒಂದು ಟನ್ ಬಂಡೆ ಒಡೆದರೆ ಸಿಗುವುದು ಎಷ್ಟೋ ಕಡೆ ಹತ್ತು ಗ್ರಾಮಿಗಿಂತ ಕಡಿಮೆ. ಆದರೆ ಈ ಹಾಸು ಪೂರ್ವ–ಪಶ್ಚಿಮವಾಗಿ ಹತ್ತಾರು ಕಿಲೋಮೀಟರ್ ಎಡೆಬಿಡದೆ ಸಾಗುತ್ತದೆ, ದಕ್ಷಿಣಕ್ಕೆ ಓರೆಯಾಗಿ ನೆಲದೊಳಗೆ ಇಳಿಯುತ್ತ ಹೋಗುತ್ತದೆ. ಈವರೆಗೆ ಇಡೀ ರಾಂಡ್ ಪ್ರದೇಶದಿಂದ ತೆಗೆದ ಚಿನ್ನ 40 ಸಾವಿರ ಟನ್ನಿಗೂ ಹೆಚ್ಚು. ಕೋಲಾರ ಚಿನ್ನದ ಗಣಿಗಳು ಸುಮಾರು 120 ವರ್ಷಗಳಲ್ಲಿ ಕೊಟ್ಟದ್ದು 800 ಟನ್ನಿನ ಆಸುಪಾಸು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಗಾತ್ರದ ಅಂದಾಜು ಸಿಗುತ್ತದೆ.

ಈ ಮುಖ್ಯ ಹಾಸು ನೆಲದ ಮೇಲೆ ತಲೆಯೆತ್ತಿದ್ದನ್ನು 1886ರಲ್ಲಿ ಲಾಂಗ್‌ಲಾಖ್ಟೆ ಎಂಬ ಹೊಲದಲ್ಲಿ ಗುರುತಿಸಿದವನು ಜಾರ್ಜ್ ಹ್ಯಾರಿಸನ್. ಕಂಡುಹಿಡಿದವನಿಗೆಂದು ಸಿಕ್ಕ ತುಂಡು ಜಾಗವನ್ನು ಅವನು ಅಲ್ಪ ಮೊತ್ತಕ್ಕೆ ಮಾರಿ ಹೊರಟುಹೋದ. ಆ ಸೀಮೆ ಆಗ ಡಚ್ ಮೂಲದ ವಲಸಿಗರಾದ ಬೋವರ್ ಜನರ ಗಣರಾಜ್ಯಕ್ಕೆ ಸೇರಿತ್ತು, ಪಾಲ್ ಕ್ರೂಗರ್ ಅದರ ಅಧ್ಯಕ್ಷನಾಗಿದ್ದ. ಅವನ ಸರ್ಕಾರ 1886ರ ಸೆಪ್ಟೆಂಬರಿನಲ್ಲಿ ಸುತ್ತಲಿನ ಹೊಲಗಳನ್ನು ಸಾರ್ವಜನಿಕ ಗಣಿಭೂಮಿಯೆಂದು ಘೋಷಿಸಿತು. ಊರು ಕಟ್ಟಲು ಆರಿಸಿಕೊಂಡದ್ದು ರಾಂಡ್ಯೆಸ್‌ಲಾಖ್ಟೆ ಎಂಬ, ಹೊಲಗಳನ್ನು ಅಳೆಯುವಾಗ ನಡುವೆ ಯಾರಿಗೂ ಸೇರದೆ ಉಳಿದುಹೋಗಿದ್ದ ತ್ರಿಕೋನಾಕಾರದ ಸರ್ಕಾರಿ ತುಂಡು. ಮೊದಲ ನಿವೇಶನಗಳ ಹರಾಜು ಆ ವರ್ಷದ ಡಿಸೆಂಬರ್ 8ರಂದು ನಡೆಯಿತು. ಒಂದೊಂದು ನಿವೇಶನದ ಅಳತೆ 50 ಅಡಿಗೆ 50 ಅಡಿ. ಗಣಿ ಹೆಚ್ಚು ಕಾಲ ಬಾಳುವುದಿಲ್ಲವೆಂದು ನಂಬಿದ್ದ ಸರ್ಕಾರ, ಮೂಲೆ ನಿವೇಶನಗಳಿಗೆ ಬೆಲೆ ಹೆಚ್ಚೆಂಬ ಕಾರಣಕ್ಕೆ ಬೀದಿಗಳನ್ನು ಒತ್ತೊತ್ತಾಗಿ ಹಾಕಿ ಆದಷ್ಟು ಮೂಲೆಗಳನ್ನು ಹುಟ್ಟಿಸಿತು; ಚೌಕಗಳಿಗೂ ತೋಟಗಳಿಗೂ ಜಾಗ ಬಿಡುವ ಗೋಜಿಗೆ ಹೆಚ್ಚು ಹೋಗಲಿಲ್ಲ. ಇಂದಿಗೂ ಜೋಹಾನ್ಸ್‌ಬರ್ಗಿನ ಹಳೆಯ ನಡುಪೇಟೆಯಲ್ಲಿ ನಡೆದರೆ ಕೆಲವು ಹೆಜ್ಜೆಗೊಂದು ಅಡ್ಡರಸ್ತೆ ಎದುರಾಗುತ್ತದೆ. ಪಕ್ಕದ ಫೆರೇರಾ ಮತ್ತು ಮಾರ್ಷಲ್ ಶಿಬಿರಗಳ ಬೀದಿಗಳು ಬಂದು ಕೂಡುವ ಕಡೆ ರಸ್ತೆಗಳು ನೇರವಾಗಿ ಸೇರದೆ ಸೊಟ್ಟಗಾಗಿವೆ. ಐದಾರು ವರ್ಷಕ್ಕೆಂದು ಎಳೆದ ನಕ್ಷೆಯ ಮೇಲೆ ಮುಂದಿನವರು ಐವತ್ತು ಅಂತಸ್ತಿನ ಕಟ್ಟಡಗಳನ್ನು ಕಟ್ಟಿದರು.

ಮೊದಮೊದಲು ಮೇಲ್ಪದರದ ಅದಿರು ಸುಲಭವಾಗಿತ್ತು. ಗಾಳಿ, ನೀರಿಗೆ ಸಿಕ್ಕಿ ಸಡಿಲಗೊಂಡ ಬಂಡೆಯನ್ನು ಕುಟ್ಟಿ, ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಸಿದರೆ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಕೆಲವು ಹತ್ತು ಮೀಟರ್ ಆಳಕ್ಕೆ ಇಳಿದ ಮೇಲೆ ಬಂಡೆಯ ಬಣ್ಣವೇ ಬದಲಾಯಿತು. ಅಲ್ಲಿ ಚಿನ್ನ ಪೈರೈಟ್ ಎಂಬ ಗಂಧಕ–ಕಬ್ಬಿಣದ ಖನಿಜದೊಂದಿಗೆ ಬೆರೆತಿದ್ದರಿಂದ ಪಾದರಸ ಅದನ್ನು ಸರಿಯಾಗಿ ಹಿಡಿಯಲಾರದೆ ಹೋಯಿತು. 1889–90ರಲ್ಲಿ ಈ ಸುದ್ದಿ ಹಬ್ಬಿದ್ದೇ ತಡ ಷೇರುಗಳ ಬೆಲೆ ಕುಸಿಯಿತು, ಬ್ಯಾಂಕುಗಳು ಸಾಲ ನಿಲ್ಲಿಸಿದವು, ಜನ ಗಂಟುಮೂಟೆ ಕಟ್ಟತೊಡಗಿದರು. ಬಾರ್ಬರ್ಟನ್ನಿನ ಗತಿಯೇ ಇಲ್ಲಿಗೂ ಬರುವುದಿತ್ತು.

ತಪ್ಪಿಸಿದ್ದು ಸೈನೈಡ್. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಮೆಕಾರ್ಥರ್ ಎಂಬ ರಸಾಯನಶಾಸ್ತ್ರಜ್ಞನೂ ಫಾರೆಸ್ಟ್ ಸಹೋದರರೂ 1887ರಲ್ಲಿ ಹಕ್ಕು ಪಡೆದ ವಿಧಾನ 1890ರಲ್ಲಿ ರಾಂಡ್‌ಗೆ ಬಂತು. ಕುಟ್ಟಿ ಪುಡಿಮಾಡಿದ ಬಂಡೆಯ ಮರಳನ್ನು ದೊಡ್ಡ ತೊಟ್ಟಿಗಳಲ್ಲಿ ತುಂಬಿ, ಅತಿ ತೆಳುವಾದ ಸೈನೈಡ್ ದ್ರಾವಣವನ್ನು ಅದರ ಮೂಲಕ ದಿನಗಟ್ಟಲೆ ಇಳಿಯಬಿಡುತ್ತಾರೆ. ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನ ಆ ದ್ರಾವಣದಲ್ಲಿ ಕರಗುತ್ತದೆ. ಕೆಳಗೆ ಬಸಿದುಬಂದ ತಿಳಿಯನ್ನು ಸತುವಿನ ಹೆರಕಲುಗಳ ಮೇಲೆ ಹಾಯಿಸಿದಾಗ ಸತುವು ಕರಗಿ ಚಿನ್ನ ಕಪ್ಪು ಕೆಸರಿನಂತೆ ಹಿಂದೆ ಉಳಿಯುತ್ತದೆ. ಅದನ್ನು ಕಾಯಿಸಿ ಗಟ್ಟಿ ಎರಕ ಹೊಯ್ಯುತ್ತಾರೆ. ಪಾದರಸಕ್ಕೆ ತಪ್ಪಿಸಿಕೊಂಡಿದ್ದ ಚಿನ್ನವೂ ಹೀಗೆ ಕೈಗೆ ಬಂದು, ಅದಿರಿನಲ್ಲಿದ್ದ ಚಿನ್ನದ ನೂರಕ್ಕೆ ತೊಂಬತ್ತು ಪಾಲಿನವರೆಗೂ ಹಿಂದೆ ಪಡೆಯುವುದು ಸಾಧ್ಯವಾಯಿತು. ಕೆ.ಜಿ.ಎಫ್.ನ ನಿವಾಸಿಗಳು ತಮ್ಮೂರಿನ ಬೂದುಬಣ್ಣದ ಗುಡ್ಡಗಳನ್ನು ಸೈನೈಡ್ ದಿಬ್ಬಗಳೆಂದು ಕರೆಯುವುದು ಇದೇ ವಿಧಾನದ ಗುರುತಾಗಿ.

ಸೈನೈಡ್ ಬಂದ ಮೇಲೆ ಲೆಕ್ಕ ಹೀಗೆ ನಿಂತಿತು: ಅದಿರು ಮುಗಿಯುವುದಿಲ್ಲ, ಆದರೆ ಅದನ್ನು ತೆಗೆಯಲು ನೂರಾರು ಮೀಟರ್ ಆಳದ ಬಾವಿ ತೋಡಬೇಕು, ಹಬೆಯಂತ್ರ ಹೂಡಬೇಕು, ಮೊದಲ ಗ್ರಾಂ ಚಿನ್ನ ಕಾಣುವ ಮುಂಚೆ ವರ್ಷಗಟ್ಟಲೆ ಹಣ ಸುರಿಯಬೇಕು. ಗುದ್ದಲಿ, ಬಾಣಲೆ ಹಿಡಿದು ಬಂದ ಒಂಟಿ ಸಾಹಸಿಗೆ ಇಲ್ಲಿ ಕೆಲಸವಿರಲಿಲ್ಲ. ಕಿಂಬರ್ಲಿಯ ವಜ್ರದಿಂದ ಹಣ ಮಾಡಿಕೊಂಡಿದ್ದ ಸೆಸಿಲ್ ರೋಡ್ಸ್, ಆಲ್ಫ್ರೆಡ್ ಬೈಟ್, ಬಾರ್ನಿ ಬರ್ನಾಟೊ, ಜೆ.ಬಿ. ರಾಬಿನ್ಸನ್ ಮುಂತಾದವರು ಲಂಡನ್, ಪ್ಯಾರಿಸ್, ಬರ್ಲಿನ್‌ಗಳಿಂದ ಬಂಡವಾಳ ತಂದು ಕಂಪನಿಗಳ ಗುಂಪುಗಳನ್ನು ಕಟ್ಟಿದರು. ಊರು ಹುಟ್ಟಿ ವರ್ಷ ಕಳೆಯುತ್ತಲೇ, 1887ರ ನವೆಂಬರಿನಲ್ಲಿ, ಷೇರುಪೇಟೆ ತೆರೆದದ್ದು ಈ ಹಣದ ಹಸಿವಿನಿಂದ. ಗಣಿಗೆ ಎಂಜಿನಿಯರುಗಳು ಬೇಕು, ಎಂಜಿನಿಯರುಗಳಿಗೆ ಮನೆ ಬೇಕು, ಕಂಪನಿಗಳಿಗೆ ವಕೀಲರು, ಲೆಕ್ಕಿಗರು, ಮುದ್ರಣಾಲಯಗಳು ಬೇಕು. ಹಬೆಗೆ ಕಲ್ಲಿದ್ದಲು ಬೇಕು. ಅದೃಷ್ಟವಶಾತ್ ಅದು ಪಕ್ಕದ ಬೋಕ್ಸ್‌ಬರ್ಗ್‌ನಲ್ಲೇ ಸಿಕ್ಕಿ, 1890ರಲ್ಲಿ ಅದನ್ನು ತರುವ ಪುಟ್ಟ ರೈಲು ಓಡಿತು. 1892ರಲ್ಲಿ ಕೇಪ್‌ನಿಂದ ರೈಲುಹಾದಿ ಬಂದು ಮುಟ್ಟಿತು, ಕೆಲವೇ ವರ್ಷಗಳಲ್ಲಿ ಮೊಜಾಂಬಿಕ್‌ನ ಬಂದರಿನಿಂದಲೂ ನಟಾಲ್‌ನಿಂದಲೂ ಹಳಿಗಳು ಕೂಡಿಕೊಂಡವು. ಸುರಂಗಗಳಿಗೆ ಆನಿಸುವ ಮರದ ದಿಮ್ಮಿಗಾಗಿ ಕಂಪನಿಗಳು ಬೋಳು ಹುಲ್ಲುಗಾವಲಿನಲ್ಲಿ ನೀಲಗಿರಿ ಮೊದಲಾದ ಮರಗಳ ತೋಪುಗಳನ್ನು ಬೆಳೆಸಿದವು. ಉತ್ತರದ ಸಿರಿವಂತ ಬಡಾವಣೆ ಸ್ಯಾಕ್ಸನ್‌ವೋಲ್ಡ್ ಅಂಥ ಒಂದು ನೆಡುತೋಪಿನ ಜಾಗದಲ್ಲಿದೆ.

ಅದಿರು ಶ್ರೀಮಂತವಾಗಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ. ಕೆಲವರು ಬೇಗ ಅಗೆದು, ಬೇಗ ಗಳಿಸಿ, ಬೇಗ ಹೊರಟುಬಿಡುತ್ತಿದ್ದರು. ಹಾಕಿದ ಹಣ ಹಿಂದೆ ಬರಲು ಇಪ್ಪತ್ತು, ಮೂವತ್ತು ವರ್ಷ ಕಾಯಬೇಕಾದವನು ಕಲ್ಲಿನ ಕಟ್ಟಡ ಕಟ್ಟುತ್ತಾನೆ, ಶಾಲೆ ತೆರೆಯುತ್ತಾನೆ, ಚರಂಡಿಯ ಬಗ್ಗೆ ಯೋಚಿಸುತ್ತಾನೆ. ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮುಖವಿದೆ, ಅದನ್ನು ಬಿಟ್ಟು ಜೋಹಾನ್ಸ್‌ಬರ್ಗಿನ ಬೆಳವಣಿಗೆಯನ್ನು ಹೊಗಳುವುದು ನ್ಯಾಯವಲ್ಲ.

ಆ ಕಾಲದಲ್ಲಿ ಚಿನ್ನಕ್ಕೆ ಜಗತ್ತಿನಾದ್ಯಂತ ಒಂದೇ ನಿಗದಿತ ಬೆಲೆಯಿತ್ತು. ಬ್ರಿಟನ್ನಿನಲ್ಲಿ ಒಂದು ಔನ್ಸ್ ನಾಣ್ಯದರ್ಜೆಯ ಚಿನ್ನಕ್ಕೆ 3 ಪೌಂಡ್ 17 ಶಿಲ್ಲಿಂಗ್ ಹತ್ತೂವರೆ ಪೆನ್ಸ್. ಖರ್ಚು ಹೆಚ್ಚಾಯಿತೆಂದು ಗಣಿಯವನು ಬೆಲೆ ಏರಿಸುವಂತಿರಲಿಲ್ಲ. ಯಂತ್ರದ ಬೆಲೆ, ಡೈನಮೈಟಿನ ಬೆಲೆ, ರೈಲಿನ ದರ ಅವನ ಕೈಯಲ್ಲಿರಲಿಲ್ಲ. ಇಳಿಸಲು ಸಾಧ್ಯವಿದ್ದದ್ದು ಒಂದೇ, ಕಪ್ಪು ಕಾರ್ಮಿಕರ ಕೂಲಿ. ಗಣಿಮಾಲೀಕರ ಒಕ್ಕೂಟವಾದ ಚೇಂಬರ್ ಆಫ್ ಮೈನ್ಸ್‌ನ ಮೊದಲ ಕಾಳಜಿಗಳಲ್ಲಿ ಒಂದು, ಕಂಪನಿಗಳು ಕಾರ್ಮಿಕರಿಗಾಗಿ ಪರಸ್ಪರ ಪೈಪೋಟಿ ನಡೆಸಿ ಕೂಲಿ ಏರಿಸದಂತೆ ನೋಡಿಕೊಳ್ಳುವುದು. ಮೊಜಾಂಬಿಕ್, ಲೆಸೊಥೊ, ಟ್ರಾನ್ಸ್‌ಕೈಗಳ ಹಳ್ಳಿಗಳಿಂದ ಗುತ್ತಿಗೆಯ ಮೇಲೆ ಗಂಡಸರನ್ನು ಕರೆತರಲಾಯಿತು. 1899ರ ಬೋವರ್ ಯುದ್ಧಕ್ಕೆ ಮುಂಚೆಯೇ ಅವರ ಸಂಖ್ಯೆ ಲಕ್ಷದ ಆಸುಪಾಸಿನಲ್ಲಿತ್ತು. ಯುದ್ಧದ ನಂತರ ಅವರು ಸಾಕಷ್ಟು ಸಂಖ್ಯೆಯಲ್ಲಿ ಮರಳದಿದ್ದಾಗ, ಯುದ್ಧ ಗೆದ್ದು ಸೀಮೆಯನ್ನು ವಶಪಡಿಸಿಕೊಂಡಿದ್ದ ಬ್ರಿಟಿಷ್ ಆಡಳಿತ 1904ರಿಂದ ಅರವತ್ತು ಸಾವಿರಕ್ಕೂ ಹೆಚ್ಚು ಚೀನೀ ಕಾರ್ಮಿಕರನ್ನು ತರಿಸಿ, 1910ರೊಳಗೆ ವಾಪಸು ಕಳಿಸಿತು.

ಗಂಡಸರು ಮಾತ್ರ ಬಂದದ್ದು ಆಕಸ್ಮಿಕವಲ್ಲ. ಹೆಂಡತಿ ಮಕ್ಕಳು ಹಳ್ಳಿಯ ಹೊಲದಲ್ಲಿ ಬದುಕುತ್ತಾರೆ ಎಂದು ಲೆಕ್ಕ ಹಾಕಿದರೆ, ಕೂಲಿ ಒಬ್ಬನ ಹೊಟ್ಟೆಗೆ ಸಾಕಾದರೆ ಸಾಕು. ಕಾರ್ಮಿಕರನ್ನು ಕಾವಲಿದ್ದ ಕಾಂಪೌಂಡುಗಳಲ್ಲಿ, ಅಟ್ಟಣಿಗೆ ಹಾಸಿಗೆಗಳ ಕೋಣೆಗಳಲ್ಲಿ ಹತ್ತಾರು ಜನರಂತೆ ಇಟ್ಟರು. ಓಡಾಡಲು ಅನುಮತಿ ಕೊಡುವ ಪಾಸ್ ಕಾಗದವಿಲ್ಲದೆ ಬೀದಿಯಲ್ಲಿ ಸಿಕ್ಕವನನ್ನು ಜೈಲಿಗೆ ಹಾಕಿದರು. ಕೆಳಗೆ ಕೆಲಸ ನಡೆಯುತ್ತಿದ್ದ ಜಾಗ ಎಷ್ಟೋ ಕಡೆ ಒಂದು ಮೀಟರ್ ಎತ್ತರದ ಸೀಳು. ಅದಿರಿನ ಹಾಸು ತೆಳುವಾಗಿದ್ದರಿಂದ ಬರಿ ಬಂಡೆಯನ್ನು ಹೆಚ್ಚು ಒಡೆದಷ್ಟೂ ನಷ್ಟ. ಹಾಗಾಗಿ ಕೂಲಿಯವನು ಓರೆ ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತೋ ಪಕ್ಕಕ್ಕೆ ಒರಗಿಯೋ ಉಳಿ, ಸುತ್ತಿಗೆಯಿಂದ ಸಿಡಿಮದ್ದಿನ ರಂಧ್ರ ಕೊರೆಯಬೇಕಿತ್ತು. ಬೆಣಚಿನ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಬರುತ್ತಿತ್ತು, ಉಷ್ಣಪ್ರದೇಶದಿಂದ ಬಂದವರು ನ್ಯುಮೋನಿಯಾದಿಂದ ಸಾಯುತ್ತಿದ್ದರು. ಸಾವುಗಳು ಎಷ್ಟಾದವೆಂದರೆ 1913ರಲ್ಲಿ 22ನೆಯ ದಕ್ಷಿಣ ಅಕ್ಷಾಂಶದ ಉತ್ತರಕ್ಕೆ ಕಾರ್ಮಿಕರನ್ನು ನೇಮಿಸಿಕೊಳ್ಳುವುದನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ಜೋಹಾನ್ಸ್‌ಬರ್ಗಿನ ಹೆಸರಾಂತ ವೈದ್ಯಕೀಯ ಸಂಶೋಧನಾ ಸಂಸ್ಥೆ 1912ರಲ್ಲಿ ಹುಟ್ಟಿಕೊಂಡದ್ದು ಈ ಸಾವುಗಳ ನಡುವೆ. ಕಪ್ಪು ಗಣಿಗಾರರ ಕೂಲಿಯ ನಿಜಬೆಲೆ 1969ರಲ್ಲೂ 1911ರಲ್ಲಿದ್ದುದಕ್ಕಿಂತ ಮೇಲೇರಿರಲಿಲ್ಲ. ಕುಶಲ ಕೆಲಸಗಳನ್ನು ಬಿಳಿಯರಿಗೆ ಮೀಸಲಿಡುವ ಕಾನೂನು 1911ರಲ್ಲೇ ಬಂದಿತ್ತು. 1922ರಲ್ಲಿ ಖರ್ಚು ತಗ್ಗಿಸಲೆಂದು ಆ ಮೀಸಲನ್ನು ಕಂಪನಿಗಳು ಸಡಿಲಿಸಹೊರಟಾಗ ಬಿಳಿ ಗಣಿಗಾರರು ದಂಗೆಯೆದ್ದರು, ಪ್ರಧಾನಿ ಸ್ಮಟ್ಸ್ ಸೈನ್ಯವನ್ನೂ ವಿಮಾನಗಳನ್ನೂ ಬಳಸಿ ಅದನ್ನು ಅಡಗಿಸಿದ.

ಇಲ್ಲಿ ಕೆ.ಜಿ.ಎಫ್.ನೊಂದಿಗಿನ ಹೋಲಿಕೆ ಬಹಳ ತಿಳಿಸಿಕೊಡುತ್ತದೆ. ಎರಡೂ ಕಡೆ ಗಣಿಗಾರಿಕೆ ಬೇರೂರಿದ್ದು 1880ರ ದಶಕದಲ್ಲಿ, ಎರಡಕ್ಕೂ ಲಂಡನ್ನಿನ ಬಂಡವಾಳವಿತ್ತು, ಎರಡೂ ಮೂರು ಸಾವಿರ ಮೀಟರ್ ದಾಟಿ ಆಳಕ್ಕೆ ಹೋದವು. ಆದರೆ ಕೋಲಾರದಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಎಂಬ ಒಂದೇ ಸಂಸ್ಥೆ ಗಣಿಗಳನ್ನು ನಡೆಸಿತು, ನೆಲ ಮೈಸೂರು ಸರ್ಕಾರದಿಂದ ಗುತ್ತಿಗೆಗೆ ಬಂದದ್ದು, ಉತ್ತರ ಆರ್ಕಾಟು ಮುಂತಾದ ಕಡೆಗಳಿಂದ ಬಂದ ಕಾರ್ಮಿಕರು ಸಂಸಾರ ಸಮೇತ ಕಂಪನಿಯ ‘ಲೈನ್’ ಮನೆಗಳಲ್ಲಿ ನೆಲೆಸಿದರು. ಲಾಭದ ಹಣ ಲಂಡನ್ನಿಗೆ ಹೋಯಿತೇ ಹೊರತು ಊರಿನಲ್ಲಿ ಷೇರುಪೇಟೆಯನ್ನಾಗಲಿ ಬೇರೆ ಉದ್ಯಮಗಳನ್ನಾಗಲಿ ಹುಟ್ಟಿಸಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಮೊದಲು ಬಂದದ್ದು ಕೆ.ಜಿ.ಎಫ್.ಗೆ; ಆ ವಿದ್ಯುತ್ತಿನ ಬೆನ್ನು ಹಿಡಿದು ಕೈಗಾರಿಕೆ ಬೆಳೆದದ್ದು ಮಾತ್ರ ಬೆಂಗಳೂರಿನಲ್ಲಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಊರಿಗೆ ಆಸರೆಯಾಗಬಲ್ಲ ಇನ್ನೊಂದು ದೊಡ್ಡ ದುಡಿಮೆ ಗಣಿಯ ಸುತ್ತ ಬೆಳೆದಿರಲಿಲ್ಲ. ಜೋಹಾನ್ಸ್‌ಬರ್ಗಿನಲ್ಲಿ ಹತ್ತಾರು ಕಂಪನಿಗಳು ಒಂದೇ ಕಡೆ ಸೇರಿದ್ದರಿಂದ ಅವುಗಳಿಗೆ ಸರಕು, ಸೇವೆ, ಸಾಲ ಒದಗಿಸುವ ಸ್ವತಂತ್ರ ಉದ್ಯಮಗಳು ಬೆಳೆದವು, ಅವು ಕ್ರಮೇಣ ಗಣಿಯ ಹಂಗಿಲ್ಲದೆ ಬದುಕಲು ಕಲಿತವು.

ನೀರಿನ ವ್ಯವಸ್ಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಗಣಿಗಳಿಗೂ ಊರುಗಳಿಗೂ ಸಗಟಾಗಿ ನೀರು ಕೊಡಲು 1903ರಲ್ಲಿ ರಾಂಡ್ ವಾಟರ್ ಬೋರ್ಡ್ ಸ್ಥಾಪನೆಯಾಯಿತು. 1923ರಲ್ಲಿ ವಾಲ್ ನದಿಗೆ ಅಡ್ಡಗಟ್ಟೆ ಕಟ್ಟಿ, ದಕ್ಷಿಣದಿಂದ ನೀರನ್ನು ಮುನ್ನೂರು ಮೀಟರಿಗೂ ಹೆಚ್ಚು ಮೇಲಕ್ಕೆ ಎತ್ತಿ ತರಲಾಯಿತು. 1938ರ ವಾಲ್ ಅಣೆಕಟ್ಟೂ, 1998ರಿಂದ ಲೆಸೊಥೊದ ಬೆಟ್ಟಗಳಿಂದ ಸುರಂಗಗಳ ಮೂಲಕ ಬರುತ್ತಿರುವ ನೀರೂ ಅದೇ ಏರ್ಪಾಡಿನ ಮುಂದುವರಿಕೆ. ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯ ಕೂಡ ಕಿಂಬರ್ಲಿಯ ಗಣಿಶಾಲೆಯಾಗಿ ಹುಟ್ಟಿ, 1904ರಲ್ಲಿ ಇಲ್ಲಿಗೆ ಬಂದು, 1922ರಲ್ಲಿ ವಿಶ್ವವಿದ್ಯಾಲಯವಾದದ್ದು. 1928ರಲ್ಲಿ ಊರಿಗೆ ನಗರದ ಪದವಿ ಸಿಕ್ಕಿತು. 1932ರ ಕೊನೆಯಲ್ಲಿ ದಕ್ಷಿಣ ಆಫ್ರಿಕಾ ತನ್ನ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟಿಹಾಕಿದ್ದ ಚಿನ್ನದ ಪ್ರಮಾಣಪದ್ಧತಿಯನ್ನು ಬಿಟ್ಟಾಗ ಚಿನ್ನದ ಬೆಲೆ ಏರಿ, ಅಲ್ಲಿಯವರೆಗೆ ಲಾಭವಿಲ್ಲವೆಂದು ಬಿಟ್ಟಿದ್ದ ಬಡ ಅದಿರೂ ಲಾಭಕ್ಕೆ ಬಂತು. ನಡುಪೇಟೆಯ ಬಹುಮಹಡಿ ಕಟ್ಟಡಗಳ ದೊಡ್ಡ ಅಲೆ ಎದ್ದದ್ದು ಆ ದಶಕದಲ್ಲಿ.

ನಗರ ಒಡೆದ ಬಗೆಯಲ್ಲಿ ಭಾರತೀಯರ ಪಾಲೂ ಇದೆ. 1904ರಲ್ಲಿ ಭಾರತೀಯರ ಕೇರಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಅಲ್ಲೇ ವಕೀಲಿಕೆ ಮಾಡುತ್ತಿದ್ದ ಗಾಂಧೀಜಿ ರೋಗಿಗಳ ಶುಶ್ರೂಷೆಗೆ ನಿಂತರು. ಪುರಸಭೆ ಕೇರಿಯನ್ನೇ ಸುಟ್ಟು, ಜನರನ್ನು ನೈರುತ್ಯಕ್ಕೆ ದೂರದ ಕ್ಲಿಪ್‌ಸ್ಪ್ರೂಟ್‌ಗೆ, ಕೊಳಚೆನೀರು ಹರಿಸುವ ಹೊಲದ ಪಕ್ಕಕ್ಕೆ ಸಾಗಿಸಿತು. ಆಫ್ರಿಕನ್ನರ ಪಾಲಿಗೆ ಶಾಶ್ವತ ವಸತಿಯಾದ ಆ ಜಾಗವೇ ಮುಂದೆ ಸೊವೆಟೊ ಆಗಿ ಹರಡಿದ ಪ್ರದೇಶದ ಮೊದಲ ಮೊಳಕೆ. 1906ರ ಸೆಪ್ಟೆಂಬರ್ 11ರಂದು ಎಂಪೈರ್ ರಂಗಮಂದಿರದಲ್ಲಿ ನೆರೆದ ಭಾರತೀಯರು ಬೆರಳ ಗುರುತಿನ ಕಾನೂನಿಗೆ ಮಣಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹ ಈ ಗಣಿನಗರದಲ್ಲಿ ರೂಪುಗೊಂಡಿತು ಎಂಬುದು ನಮ್ಮಲ್ಲಿ ಅನೇಕರು ಗಮನಿಸದ ಸಂಗತಿ. ಗಾಂಧೀಜಿಯನ್ನೂ ಅರ್ಧ ಶತಮಾನದ ನಂತರ ಮಂಡೇಲರನ್ನೂ ಇಟ್ಟಿದ್ದ ಕೋಟೆ ಜೈಲಿನ ಆವರಣದಲ್ಲಿ 2004ರಿಂದ ಸಂವಿಧಾನ ನ್ಯಾಯಾಲಯವಿದೆ.

ಪ್ಲೇಗ್ ನೆಪದಲ್ಲಿ ಒಮ್ಮೆ ಮಾಡಿದ್ದನ್ನು ಮುಂದಿನ ಸರ್ಕಾರಗಳು ಕಾನೂನಾಗಿಸಿದವು. ಬಣ್ಣದ ಆಧಾರದಲ್ಲಿ ಜನರ ವಸತಿಯನ್ನು ಬೇರ್ಪಡಿಸಿದ 1923ರ ನಗರಪ್ರದೇಶ ಕಾಯ್ದೆ, 1950ರ ಗುಂಪುಪ್ರದೇಶ ಕಾಯ್ದೆ, 1955ರ ಫೆಬ್ರವರಿಯಲ್ಲಿ ಶುರುವಾದ, ಕಪ್ಪು ಜನ ವಾಸವಿದ್ದ ಸೋಫಿಯಾಟೌನ್ ಬಡಾವಣೆಯ ತೆರವು, ಎಲ್ಲದರ ಹಿಂದೆ ಇದ್ದದ್ದು ಗಣಿ ಕಾಂಪೌಂಡಿನ ಯೋಚನೆಯೇ: ದುಡಿಮೆ ಊರಿಗೆ ಬೇಕು, ದುಡಿಯುವವನು ಬೇಡ. ಗಣಿಗಳು ಪೂರ್ವ–ಪಶ್ಚಿಮವಾಗಿ ಸಾಲಾಗಿದ್ದುದರಿಂದ ಅವುಗಳ ಕಸದ ದಿಬ್ಬಗಳೂ ಹಾಗೆಯೇ ನಿಂತವು. ಚಳಿಗಾಲ ಮುಗಿದು ಗಾಳಿ ಎದ್ದಾಗ ಹಳದಿ ಧೂಳು ಹತ್ತಿರದ ಬಡವರ ವಸತಿಗಳ ಮೇಲೆ ಬೀಳುತ್ತಿತ್ತು. ಉತ್ತರದ ಬಿಳಿಯರ ತೋಟದ ಮನೆಗಳಿಗೂ ದಕ್ಷಿಣದ ಸೊವೆಟೊಗೂ ನಡುವೆ ಯಾರೂ ಮನೆ ಕಟ್ಟದ ಪಟ್ಟಿಯೊಂದು ಗೋಡೆಯಂತೆ ಉಳಿಯಿತು. 1976ರ ಜೂನ್ 16ರಂದು ಸೊವೆಟೊದ ಶಾಲಾಮಕ್ಕಳು ಬೀದಿಗಿಳಿದು ಗುಂಡಿಗೆ ಎದೆಕೊಟ್ಟಾಗ ಜಗತ್ತು ಈ ಗೋಡೆಯ ಆಚೆ ನೋಡಿತು.

ಅಷ್ಟರಲ್ಲಿ ಚಿನ್ನ ಇಳಿಮುಖವಾಗಿತ್ತು. ದಕ್ಷಿಣ ಆಫ್ರಿಕಾ 1970ರಲ್ಲಿ ಸುಮಾರು ಸಾವಿರ ಟನ್ ಚಿನ್ನ ತೆಗೆದದ್ದೇ ಶಿಖರ. ಈಗ ವರ್ಷಕ್ಕೆ ಸಿಗುವುದು ಅದರ ಹತ್ತನೆಯ ಒಂದು ಪಾಲಿನಷ್ಟು. ನಗರದೊಳಗಿನ ಹಳೆಯ ಗಣಿಗಳು ಒಂದೊಂದಾಗಿ ಮುಚ್ಚಿದವು, ಆಳದ ಗಣಿಗಾರಿಕೆ ಪಶ್ಚಿಮದ ಕಾರ್ಲ್‌ಟನ್‌ವಿಲ್ ಕಡೆಗೆ ಸರಿಯಿತು, ಅಲ್ಲಿ ಒಂದು ಗಣಿ ನಾಲ್ಕು ಕಿಲೋಮೀಟರಿನಷ್ಟು ಆಳಕ್ಕೆ ಇಳಿದಿದೆ. ಆದರೂ ನಗರ ಕುಸಿಯಲಿಲ್ಲ. ಗಣಿಗೆಂದು ಹುಟ್ಟಿದ ಬ್ಯಾಂಕುಗಳು, ವಿಮೆ, ವಕೀಲಿಕೆ, ಎಂಜಿನಿಯರಿಂಗ್ ಈಗ ಇಡೀ ಖಂಡಕ್ಕೆ ಸೇವೆ ಮಾರುತ್ತಿವೆ. 1973ರಲ್ಲಿ ತೆರೆದ, 223 ಮೀಟರ್ ಎತ್ತರದ ಕಾರ್ಲ್‌ಟನ್ ಸೆಂಟರ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆಫ್ರಿಕಾದ ಅತಿ ಎತ್ತರದ ಕಟ್ಟಡವಾಗಿತ್ತು. ಹಣ ಮಾತ್ರ ನಡುಪೇಟೆಯನ್ನು ಬಿಟ್ಟು ಉತ್ತರಕ್ಕೆ ನಡೆಯಿತು. 2000ದಲ್ಲಿ ಷೇರುಪೇಟೆಯೇ ಸ್ಯಾಂಡ್‌ಟನ್‌ಗೆ ಹೋಯಿತು.

ಗಣಿ ಬಿಟ್ಟುಹೋದದ್ದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಹಳೆಯ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಕಂಪನಿಗಳು ನೀರಿನ ರಭಸದಿಂದ ಕರಗಿಸಿ ಮತ್ತೆ ಸೈನೈಡ್ ತೊಟ್ಟಿಗೆ ಹಾಯಿಸುತ್ತಿವೆ, ಹಾಗಾಗಿ ನಗರದ ಗುರುತಾಗಿದ್ದ ಕೆಲವು ಗುಡ್ಡಗಳು ಮಾಯವಾಗಿವೆ. ಆದರೆ ಅವುಗಳ ಮಣ್ಣಿನಲ್ಲಿ ಯುರೇನಿಯಂ ಇದೆ, ಅವು ತೆರವಾದ ನೆಲದಡಿ ಸುರಂಗಗಳಿರುವುದರಿಂದ ಅಲ್ಲಿ ಮನಬಂದಷ್ಟು ಎತ್ತರ ಕಟ್ಟುವಂತಿಲ್ಲ. ಕೆಲಸ ಕಳೆದುಕೊಂಡವರೂ ನೆರೆದೇಶಗಳಿಂದ ಬಂದವರೂ ಮುಚ್ಚಿದ ಗಣಿಗಳಿಗೆ ಕದ್ದು ಇಳಿದು, ತಿಂಗಳುಗಟ್ಟಲೆ ಕತ್ತಲಲ್ಲಿದ್ದು ಉಳಿಕೆ ಅದಿರು ಕೆರೆಯುತ್ತಾರೆ. ಕುಸಿತಕ್ಕೂ ಗುಂಪುಗಳ ಹೊಡೆದಾಟಕ್ಕೂ ಸಿಕ್ಕಿ ಸಾಯುವವರು ಅವರಲ್ಲಿ ಬಹಳ. ಪಂಪು ನಿಂತ ಸುರಂಗಗಳಲ್ಲಿ ನೀರು ತುಂಬಿ, ಪೈರೈಟ್ ಸೇರಿ ಆಮ್ಲವಾಗಿ, 2002ರಲ್ಲಿ ಪಶ್ಚಿಮದ ಕ್ರೂಗರ್ಸ್‌ಡಾರ್ಪ್ ಬಳಿ ನೆಲದ ಮೇಲೆ ಉಕ್ಕಿ ಹಳ್ಳಗಳಿಗೆ ಹರಿಯಿತು. ಅದು ನಡುನಗರದ ಅಡಿಗೂ ಏರದಂತೆ 2012ರಿಂದ ಸರ್ಕಾರ ಒಂದಾದ ಮೇಲೊಂದು ಶುದ್ಧೀಕರಣ ಘಟಕ ಸ್ಥಾಪಿಸಿ, ಆ ನೀರನ್ನು ಮೇಲೆತ್ತಿ, ಸುಣ್ಣ ಬೆರೆಸಿ ಆಮ್ಲ ತಗ್ಗಿಸಿ ಹೊರಬಿಡುತ್ತಿದೆ. ಲಾಭ ಪಡೆದ ಕಂಪನಿಗಳಲ್ಲಿ ಹೆಚ್ಚಿನವು ಈಗ ಇಲ್ಲದಿರುವುದರಿಂದ ಅದರ ಖರ್ಚಿನ ದೊಡ್ಡ ಪಾಲು ಸಾರ್ವಜನಿಕರ ಮೇಲೆ ಬಿದ್ದಿದೆ, ಮತ್ತು ಆ ಪಂಪುಗಳನ್ನು ಸದ್ಯಕ್ಕೆ ನಿಲ್ಲಿಸುವಂತಿಲ್ಲ.